ಲೋಲಾಕ್ಷಿಯ ಗೋಡೆ ತಣ್ಣಗಿದ್ದ ದಿನ

ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ನಮ್ಮ ಓಣಿಯ ಹೆಂಗಸರು ಮಾಡುವ ಕೆಲಸ ಪಕ್ಕದ ಮನೆಯ ಗೋಡೆ ಮುಟ್ಟುವುದು. ಇಲ್ಲಿ ಒಲೆಗಳನ್ನೆಲ್ಲ ಬೀದಿಯ ಗೋಡೆಗೆ ಒತ್ತಿಯೇ ಕಟ್ಟುತ್ತಾರೆ. ಹೊರಗಡೆ ಎದೆಯೆತ್ತರದಲ್ಲಿ ಒಂದು ಅಂಗೈ ಹಿಡಿಯುವಷ್ಟು ಗೂಡು ಬಿಟ್ಟಿರುತ್ತಾರೆ. ಅದರೊಳಗೆ ಕೈಯಿಟ್ಟರೆ ಒಳಗಿನ ಗಡಿಗೆ ಕುದಿಯುತ್ತಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ಭಾಗೀರಥಿ ನಮ್ಮ ಗೋಡೆ ಮುಟ್ಟಬೇಕು, ನಾನು ಲೋಲಾಕ್ಷಿಯ ಗೋಡೆ ಮುಟ್ಟಬೇಕು, ಲೋಲಾಕ್ಷಿ ಅವಳಾಚೆಯವರದನ್ನು. ಹೀಗೆ ಹದಿನಾಲ್ಕು ಮನೆಗಳ ಸುತ್ತು. ದೂರದಿಂದ ನೋಡಿದವರಿಗೆ ಇದು ಅಕ್ಕರೆಯಂತೆ ಕಂಡೀತು. ಅಕ್ಕರೆ ಇರಲೇ ಇಲ್ಲ ಎನ್ನಲಾರೆ. ಆದರೆ ಆ ಹೊತ್ತಿನಲ್ಲಿ ಹೆಂಗಸರ ಮುಖ ನೋಡಬೇಕು. ಕೈ ಗೂಡಿನಲ್ಲಿದ್ದರೆ ಕಣ್ಣು ಓಣಿಯ ಎರಡೂ ಕೊನೆಗಳಲ್ಲಿರುತ್ತಿತ್ತು.

ಆ ಮಂಗಳವಾರ ನಾನು ಕೈಯಿಟ್ಟಾಗ ಲೋಲಾಕ್ಷಿಯ ಗೋಡೆ ತಣ್ಣಗಿತ್ತು.

ಉಗುರುಬೆಚ್ಚಗೆ ಕೂಡ ಅಲ್ಲ, ತಣ್ಣಗೆ. ಹಿಂದಿನ ದಿನದ ಕಾವೂ ಉಳಿದಿರಲಿಲ್ಲ. ಗೂಡಿನ ಮೂಲೆಯಲ್ಲಿ ಒಂದು ಹಲ್ಲಿ ಕೂತಿತ್ತು. ನನ್ನ ಅರುವತ್ತೆಂಟು ವರ್ಷದಲ್ಲಿ ಆ ಗೂಡುಗಳಲ್ಲಿ ಹಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ.

ತಣ್ಣಗಿದ್ದರೆ ಮಾಡಬೇಕಾದದ್ದು ಏನೆಂದು ನಡೆಯಲು ಕಲಿತ ಮಗುವಿಗೂ ಗೊತ್ತು. ಓಣಿಯ ನಡುವೆ ನಿಂತು ಮೂರು ಸಲ ಕೂಗಬೇಕು. ಕೂಗಿದ ಮೇಲೆ ಆ ಮನೆಯ ಗಡಿಗೆಯನ್ನು ಒಡೆಯುತ್ತಾರೆ, ಸಂಜೆಯೊಳಗೆ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೊಳೆಯಾಚೆಗೆ ಹೋಗುತ್ತಾರೆ. ಮುಟ್ಟಿಯೂ ಕೂಗದೆ ಉಳಿದವಳು ಸಿಕ್ಕಿಬಿದ್ದರೆ ಅವಳ ಗಡಿಗೆಯೂ ಹೋಯಿತು. ನಾನು ಕೂಗಲಿಲ್ಲ. ಲೋಲಾಕ್ಷಿಗೆ ಮೂರು ದಿನದಿಂದ ಜ್ವರ ಎಂದು ಕೇಳಿದ್ದೆ. ಗಂಡ ಸತ್ತವಳು, ಮನೆಯಲ್ಲಿ ಇನ್ನೊಂದು ಜೀವವೆಂದರೆ ಮಗಳು ಕುಸುಮ. ಅವಳಿಗೆ ಐದನೇ ಓಣಿಯಲ್ಲಿ ಗಂಡು ಗೊತ್ತಾಗಿ ತಿಂಗಳೊಪ್ಪತ್ತಿನಲ್ಲಿ ಮದುವೆ. ಕೈ ಹೊರಗೆ ತೆಗೆದೆ, ಸೆರಗಿಗೆ ಒರೆಸಿಕೊಂಡೆ, ಮನೆಗೆ ಬಂದೆ. ಅಷ್ಟೇ ನಾನು ಮಾಡಿದ ಉಪಕಾರ. ಆಮೇಲೆ ಮಾಡಿದ್ದು ಬೇರೆ.

ನಮ್ಮ ಊರಿನ ಬಾವಿಗಳಲ್ಲಿ ಬರುವ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಬಾಯಿಗೆ ಹಾಕಲಿಕ್ಕಾಗುವುದಿಲ್ಲ, ಹಾಕಿದರೆ ಹೊಟ್ಟೆ ಹಿಡಿದುಕೊಂಡು ಹೊರಳಾಡಬೇಕು. ಆ ನೀರನ್ನು ಗಡಿಗೆಗೆ ಸುರಿದು ಕುದಿಸುತ್ತ ಇಟ್ಟರೆ ಗಡಿಗೆಯಲ್ಲಿರುವ ಕೆನೆ ಆ ವಾಸನೆಯನ್ನು ತಿಂದುಬಿಡುತ್ತದೆ. ತುಕ್ಕಿನ ಬಣ್ಣದ ಕೆನೆ, ಗಡಿಗೆಯ ಕಂಠದ ಸುತ್ತ ಬೆರಳು ದಪ್ಪ ಕಟ್ಟಿರುತ್ತದೆ. ಒಂದು ರಾತ್ರಿ ಕುದಿದ ನೀರು ಎಳನೀರಿನಷ್ಟು ಸಿಹಿ. ಕೆನೆಗೆ ವಾರಕ್ಕೊಮ್ಮೆ ಒಂದು ಮುಷ್ಟಿ ಕರಿಕಲ್ಲಿನ ಪುಡಿ ಹಾಕಬೇಕು, ಅದೇ ಅದರ ಊಟ. ಕಲ್ಲನ್ನು ತರುವವರು ದೋಣಿಯವರು. ಕಡಲಿನ ತಳದಲ್ಲಿ ನೀರು ಕುದ್ದು ಹೊಗೆಯಂತೆ ಏಳುವ ಬಾಯಿಗಳಿವೆ. ಅಲ್ಲಿಗೆ ಹಗ್ಗದಲ್ಲಿ ಕಬ್ಬಿಣದ ಬುಟ್ಟಿ ಇಳಿಸಿ, ಬಾಯಿಯ ಸುತ್ತ ಬೆಳೆದ ಕರಿಕಲ್ಲನ್ನು ಮುರಿದು ಎತ್ತುತ್ತಾರೆ. ಕೆನೆ ಮೊದಲು ನಮಗೆ ಬಂದದ್ದೂ ಅಲ್ಲಿಂದಲೇ, ಯಾವ ಅಜ್ಜನ ಕಾಲದಲ್ಲೋ. ಬಿಸಿಲೇ ಕಾಣದ ಆ ಕತ್ತಲೆಯಲ್ಲಿ, ಕೈಯಿಟ್ಟರೆ ಮೂಳೆ ಬೇಯುವ ನೀರಿನಲ್ಲಿ ಅದು ಸುಖವಾಗಿರುತ್ತದಂತೆ. ಕುದಿತ ನಿಂತರೆ ಸಾಯುತ್ತದೆ ಎಂದು ನಾವು ಕಲಿತಿದ್ದೆವು. ಯಾರು ಕಲಿಸಿದರೆಂದು ಯಾರೂ ಕೇಳಿರಲಿಲ್ಲ.

ಹೊಳೆಯಾಚೆಯವರಿಗೆ ಗಡಿಗೆ ಇಲ್ಲ. ಗಾಡಿಯಲ್ಲಿ ಹೋಗುವ ನೀರು ಕುಡಿಯುತ್ತಾರೆ, ಗಾಡಿ ಹೋಗದ ದಿನ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಾರೆ. ಅವರಿಗೆ ಹೊಸ ಕೆನೆ ಕೊಡುವಂತಿಲ್ಲ. ಕೊಟ್ಟವರ ಗಡಿಗೆಯೂ ತಣ್ಣಗಾಗುತ್ತದೆಂಬ ನಂಬಿಕೆ. ಕೆನೆ ಮನೆ ದಾಟುವುದು ಮಗಳು ಗಂಡನ ಮನೆಗೆ ಹೋಗುವಾಗ ಮಾತ್ರ.

ಮರುದಿನ ಬೆಳಗ್ಗೆ ಕೈಯಿಟ್ಟರೆ ಲೋಲಾಕ್ಷಿಯ ಗೋಡೆ ಬಿಸಿಯಾಗಿತ್ತು. ಹಲ್ಲಿ ಇರಲಿಲ್ಲ. ನನಗೆ ಒಂದು ಕ್ಷಣ ಹಾಯೆನಿಸಿತು. ಒಂದೇ ಕ್ಷಣ. ಬೆಂಕಿ ಹಚ್ಚುವುದು ದೊಡ್ಡ ಮಾತಲ್ಲ, ಯಾರೂ ಹಚ್ಚಬಹುದು. ಸತ್ತ ಕೆನೆಗೆ ಬೆಂಕಿ ಹಚ್ಚಿ ಏನು ಉಪಯೋಗ? ನಾಲ್ಕು ದಿನ ಬಿಟ್ಟು, ಜ್ವರ ಹೇಗಿದೆ ನೋಡಿ ಬರುತ್ತೇನೆಂಬ ನೆಪದಲ್ಲಿ ಅವಳ ಮನೆಗೆ ಹೋದೆ. ಕುಸುಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಮೂಗಿನ ಹತ್ತಿರ ಹಿಡಿದೆ, ವಾಸನೆಯಿಲ್ಲ. ಕುಡಿದೆ, ಸಿಹಿ. ಲೋಲಾಕ್ಷಿ ಚಾಪೆಯ ಮೇಲೆ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ನೀರು ಚೆನ್ನಾಗುಂಟು," ಎಂದೆ.

"ಯಾವಾಗ ಚೆನ್ನಾಗಿರ್ಲಿಲ್ಲ ವೇಣಕ್ಕ?" ಎಂದಳು.

ಮನೆಗೆ ಬಂದರೆ ಸೊಸೆ ವಾರಿಜ ಒಲೆಯ ಮುಂದೆ ನಿಂತಿದ್ದಳು. ನನ್ನ ಮಗ ದೋಣಿಗೆ ಹೋದರೆ ಹದಿನೈದು ದಿನ ಬರುವುದಿಲ್ಲ, ಮನೆಯಲ್ಲಿ ನಾವಿಬ್ಬರೇ. ಅವಳ ನಾಲಗೆ ಚುರುಕು, ಕಣ್ಣು ಅದಕ್ಕಿಂತ ಚುರುಕು.

"ಅತ್ತೆ, ಒಂದ್ಸಲ ಇಲ್ಲಿ ಬನ್ನಿ. ಕೆನೆ ನೋಡಿ."

"ಎಂತ ಆಯ್ತು?"

"ಬೆರಳು ದಪ್ಪ ಇದ್ದದ್ದು ಕಾಗದದ ಹಾಗೆ ಆಗಿದೆ. ಮೊನ್ನೆ ನಾವಿಬ್ಬರೂ ಸೌದೆ ಇಳಿಸ್ಲಿಕ್ಕೆ ಹೋದಾಗ ಹಿಂಬಾಗಿಲು ಹಾಕಿರ್ಲಿಲ್ಲ. ನಾನು ಯಾರ ಹೆಸರೂ ಹೇಳುವುದಿಲ್ಲಪ್ಪ."

ಹೆಸರು ಹೇಳುವ ಅಗತ್ಯವಿರಲಿಲ್ಲ. ತಣ್ಣಗಿದ್ದ ಗೋಡೆ, ಮರುದಿನವೇ ಬಿಸಿ, ಸಿಹಿ ನೀರು, ನಮ್ಮ ಗಡಿಗೆಯಲ್ಲಿ ಇಳಿದ ಕೆನೆ. ಎಲ್ಲ ಒಂದಕ್ಕೊಂದು ಎಷ್ಟು ಚೆಂದ ಹೊಂದಿಕೊಂಡವೆಂದರೆ ಇದು ಬರೀ ಅನುಮಾನ ಎಂಬುದೇ ನನಗೆ ನೆನಪಾಗಲಿಲ್ಲ. ಅವಳ ಗುಟ್ಟನ್ನು ನಾನು ಕಾಪಾಡಿದ್ದಕ್ಕೆ ಅವಳು ಕೊಟ್ಟ ಬಳುವಳಿ ಇದು ಎಂದುಕೊಂಡೆ. ಆ ದಿನವೇ ಅಡಿಗೆಮನೆಗೆ ಬೀಗ ಹಾಕಿಸಿದೆ. ಆದರೂ ಎದೆಯೊಳಗಿನ ಉರಿ ಆರಲಿಲ್ಲ. ಶುಕ್ರವಾರ ಬಾವಿಕಟ್ಟೆಯಲ್ಲಿ ಆರೇಳು ಹೆಂಗಸರಿದ್ದರು. ಭಾಗೀರಥಿ ಎಂದಿನಂತೆ, "ಎಂತ ವೇಣಕ್ಕ, ಅಡಿಗೆಮನೆಗೆ ಬೀಗ? ಒಳಗೆ ಚಿನ್ನ ಬೇಯಿಸ್ತೀರಾ?" ಎಂದು ಕೆಣಕಿದಳು.

"ಚಿನ್ನ ಇದ್ದರೆ ಹೆದರ್ತಿರ್ಲಿಲ್ಲ," ಎಂದೆ. "ಪಕ್ಕದಲ್ಲೇ ಕೆನೆ ಕಳ್ಳಿ ಇರುವಾಗ ಬೀಗ ಬೇಡವಾ?"

ಗೋಡೆ ತಣ್ಣಗಿದ್ದದ್ದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ನನ್ನ ಗಡಿಗೆಯೂ ಒಡೆಯುತ್ತಿತ್ತಲ್ಲ. ನನ್ನ ತಪ್ಪನ್ನು ಕೆಳಗೆ ಮುಚ್ಚಿಟ್ಟು ಅದರ ಮೇಲೆ ಕೂತು ಅವಳ ತಪ್ಪನ್ನು ಕೂಗಿದೆ. ಹೇಳಿ ಮುಗಿಸುವಷ್ಟರಲ್ಲಿ ಹೆಂಗಸರು ಕೊಡ ಎತ್ತಿಕೊಂಡಾಗಿತ್ತು. ಎಲ್ಲರಿಗೂ ಮನೆಯ ಗಡಿಗೆ ನೋಡುವ ಅವಸರ. ಸಂಜೆಯೊಳಗೆ ಓಣಿಯಲ್ಲಿ ಇನ್ನೂ ಐದು ಬೀಗ ಬಂದವು. ಎಲ್ಲರ ಕೆನೆಯೂ ಇಳಿದಿತ್ತಂತೆ. ಎಲ್ಲರದನ್ನೂ ಅವಳೇ ಕದ್ದಳು ಎಂದಾಯಿತು. ಅಷ್ಟೊಂದು ಕೆನೆಯನ್ನು ಅವಳು ಎಲ್ಲಿ ಇಟ್ಟುಕೊಂಡಾಳು ಎಂದು ಒಬ್ಬರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಓಣಿಯ ನ್ಯಾಯ ಹೇಳುವವನು ಸಾಂತಪ್ಪ. ನಲವತ್ತು ವರ್ಷ ಕಲ್ಲಿನ ದೋಣಿ ನಡೆಸಿದವನು, ಈಗ ಮೊಣಕಾಲು ಹಿಡಿದು ದಂಡೆಯಲ್ಲಿ ಕೂತಿದ್ದಾನೆ. ಅವನ ಮಾತಿಗೆ ಎದುರಾಡುವವರಿಲ್ಲ, ಏಕೆಂದರೆ ತನ್ನ ಸ್ವಂತ ಅಣ್ಣನ ಗಡಿಗೆ ತಣ್ಣಗಾದಾಗ ಕೋಲು ಎತ್ತಿ ಒಡೆದವನು ಅವನೇ. ಅವನು ಮರುದಿನ ಬೆಳಗ್ಗೆ ಬಂದು ಲೋಲಾಕ್ಷಿಯ ಬಾಗಿಲಲ್ಲಿ ನಿಂತು ಒಂಬತ್ತು ದಿನದ ಗಡುವು ಹೇಳಿ ಹೋದ. ಕದ್ದ ಕೆನೆ, ದೂರು ಬಿದ್ದ ಮೇಲೆ ಒಂಬತ್ತು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲವೆಂದು ನಂಬಿಕೆ. ಹತ್ತನೆಯ ದಿನ ನೀರಿನ ವಾಸನೆ ನೋಡುವುದು. ವಾಸನೆ ಬಂದರೆ ತಾಯಿ ಮಗಳಿಬ್ಬರೂ ಹೊಳೆಯಾಚೆಗೆ. ಐದನೇ ಓಣಿಯ ಬೀಗರು ಆ ಸುದ್ದಿ ಕೇಳಿ, "ಹತ್ತನೇ ದಿನ ಕಳೀಲಿ, ಆಮೇಲೆ ಚಪ್ಪರ ಹಾಕುವಾ," ಎಂದರಂತೆ.

ಅಂದು ಮಧ್ಯಾಹ್ನವೇ ಲೋಲಾಕ್ಷಿ ನಮ್ಮ ಜಗಲಿ ಹತ್ತಿದಳು. ಜ್ವರದಿಂದ ಎದ್ದವಳು, ಕಂಬ ಹಿಡಿದು ನಿಂತಿದ್ದಳು.

"ಬಾವಿಕಟ್ಟೆ ಮೇಲೆ ಎಂತ ಹೇಳಿದ್ರಿ ವೇಣಕ್ಕ?"

"ಇದ್ದದ್ದು ಹೇಳಿದೆ."

"ನಾನು ನಿಮ್ಮ ಅಡಿಗೆಮನೆಗೆ ನುಗ್ಗಿದ್ದನ್ನು ಕಂಡಿರಾ?"

"ಅದು ಕಾಣ್ಲಿಲ್ಲ. ಹೋದ ವಾರ ಮಂಗಳವಾರ ನಿನ್ನ ಗೋಡೆ ತಣ್ಣಗಿದ್ದದ್ದು ಕಂಡೆ."

ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಕೆಂಪಾಯಿತು. "ಹಾಗಾದ್ರೆ ಅವತ್ತೇ ಕೂಗಬೇಕಿತ್ತಲ್ಲ. ಅವತ್ತು ಬಾಯಿಗೆ ಬೀಗ, ಇವತ್ತು ಅಡಿಗೆಮನೆಗೆ ಬೀಗ. ಹೌದು, ಆರಿತ್ತು. ನನಗೆ ಎಚ್ಚರ ಇರ್ಲಿಲ್ಲ, ಈ ಹುಡುಗಿ ನನ್ನ ತಲೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಎರಡು ರಾತ್ರಿ ಒಂದು ಹಗಲು ಆರಿತ್ತು. ಎದ್ದು ಬೆಂಕಿ ಹಚ್ಚಿದೆ, ಬೇರೆ ಎಂತ ಮಾಡ್ಲಿ? ಮೂರನೇ ದಿನಕ್ಕೆ ಕೆನೆ ಎದ್ದಿತು. ತನ್ನಿಂದ ತಾನೇ."

"ತನ್ನಿಂದ ತಾನೇ?"

"ನಾನು ಸತ್ಯ ಹೇಳ್ತಿದ್ದೇನೆ."

"ತಣ್ಣಗಾದ ಕೆನೆ ಏಳ್ತದೆ ಅಂತ ಯಾರಾದ್ರೂ ಕೇಳಿದ್ದುಂಟಾ ಲೋಲಾ? ಸುಳ್ಳು ಹೇಳುವುದಾದ್ರೆ ಸ್ವಲ್ಪ ಚೆಂದದ್ದು ಹೇಳು."

ಅವಳು ಕಂಬ ಬಿಟ್ಟು ತಿರುಗಿದಳು. ಮೆಟ್ಟಿಲು ಇಳಿಯುವಾಗ, "ನೀವು ನೋಡಿದ್ದೀರಾ, ಏಳುವುದಿಲ್ಲ ಅಂತ?" ಎಂದು ಕೇಳಿ ಹೋದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಒಂದು ಸಲ ನಮ್ಮಿಂದ ಎರಡು ಲೋಟಗಳಲ್ಲಿ ಹೆಸರುಕಾಳು ಹಾಕಿಸಿದ್ದರು. ಒಂದಕ್ಕೆ ನೀರು, ಇನ್ನೊಂದಕ್ಕೆ ಇಲ್ಲ. ಮುದುಕಿಯರೆಲ್ಲ ನಕ್ಕಿದ್ದೆವು, ನೀರಿಲ್ಲದೆ ಮೊಳೆಯುವುದಿಲ್ಲವೆಂದು ನಮಗೆ ಗೊತ್ತಿಲ್ಲವೇ ಎಂದು. "ಗೊತ್ತಿರುವುದು ಬೇರೆ, ನೋಡಿದ್ದು ಬೇರೆ, ಎರಡನ್ನೂ ಒಂದು ಮಾಡಬೇಡಿ," ಎಂದಿದ್ದರು ಅವರು. ತಣ್ಣಗಾದ ಕೆನೆ ಸಾಯುತ್ತದೆ ಎಂಬುದು ನನಗೆ ಗೊತ್ತಿತ್ತು. ನೋಡಿರಲಿಲ್ಲ. ನೋಡಿದವರು ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ತಣ್ಣಗಿನ ಕೆನೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ನಮ್ಮಲ್ಲಿ ನಿಷಿದ್ಧ. ತಣ್ಣಗಾದ ಗಡಿಗೆಯನ್ನು ನಾವು ಒಡೆಯುತ್ತೇವೆ, ಮತ್ತೆ ಕುದಿಸಿ ನೋಡುವುದಿಲ್ಲ.

ಭಾನುವಾರ ವಾರಿಜ ನೀರಿಗೆ ಹೋದ ಹೊತ್ತಿನಲ್ಲಿ ಗಡಿಗೆಯ ಕಂಠದಿಂದ ಒಂದು ಸೌಟು ಕೆನೆ ಕೆರೆದು ತೆಂಗಿನ ಗೆರಟೆಗೆ ಹಾಕಿದೆ. ಬಚ್ಚಲಮನೆಯ ಮಾಡಿನ ಸಂದಿಯಲ್ಲಿ, ಗಾಳಿ ಆಡುವಲ್ಲಿ ಗೆರಟೆಯನ್ನು ಇಟ್ಟೆ. ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಹೋಗತೊಡಗಿದೆ.

"ಅತ್ತೆ, ಹೊಟ್ಟೆ ಸರಿ ಇಲ್ವಾ?" ಎಂದಳು ವಾರಿಜ.

"ವಯಸ್ಸಾಯ್ತಲ್ಲ."

"ನಿನ್ನೆವರೆಗೆ ಆಗಿರ್ಲಿಲ್ಲ."

ಕೆನೆ ಮೊದಲ ದಿನ ಬಾಡಿತು, ಮೂರನೆಯ ದಿನ ಒಣಗಿ ಬಿರಿಯಿತು, ಐದನೆಯ ದಿನ ಹಳೆಯ ಕಬ್ಬಿಣದಿಂದ ಉದುರಿದ ತುಕ್ಕಿನ ಹಾಗೆ ಗೆರಟೆಯಲ್ಲಿ ಬಿದ್ದಿತ್ತು. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಇದರಲ್ಲಿ ಜೀವ ಇದೆ ಎಂದರೆ ನನ್ನನ್ನು ಕಲ್ಲಿನಿಂದ ಹೊಡೆಯಬೇಕು ಎನಿಸಿತು. ಆದರೂ ಹೊಸ ಮಡಕೆಯೊಂದಕ್ಕೆ ಬಾವಿಯ ನೀರು ಸುರಿದು, ಆ ಪುಡಿ ಹಾಕಿ, ಬಚ್ಚಲ ಒಲೆಯ ಮೇಲೆ ಕುದಿಯಲು ಇಟ್ಟೆ. ವಾಸನೆ ಬಚ್ಚಲು ತುಂಬಿತು. ಒಂದು ದಿನ ಕಳೆಯಿತು, ವಾಸನೆ ಹಾಗೇ ಇತ್ತು. ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಯಿತೆಂದು ನಾಚಿಕೆಯಿಲ್ಲದೆ ಹೇಳಬೇಕು. ನಾನು ಕಳ್ಳಿ ಅಂದದ್ದು ನಿಜವಾಯಿತಲ್ಲ. ಎರಡನೆಯ ದಿನ ಮಡಕೆಯ ಕಂಠಕ್ಕೆ ಒಂದು ಎಳೆ ಕೆಂಪು ಹಿಡಿದಿತ್ತು. ಮೂರನೆಯ ದಿನ ಬಾಗಿ ಮೂಸಿದೆ. ನೀರಿನ ಆವಿ ಬಿಟ್ಟರೆ ಬೇರೇನೂ ಇಲ್ಲ. ಆರಿಸಿ ಕುಡಿದೆ. ಸಿಹಿ.

ತಿರುಗಿ ನೋಡಿದರೆ ವಾರಿಜ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಗೆರಟೆ ನೋಡಿದಳು, ಮಡಕೆ ನೋಡಿದಳು, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ನಿಮಗೆ ಗೊತ್ತಾಯ್ತಾ ಅತ್ತೆ? ಯಾರು ಹೇಳಿದ್ದು?"

"ಯಾರು ಎಂತ ಹೇಳ್ಬೇಕು?"

ಅವಳು ಅಳತೊಡಗಿದಳು. ಕಳೆದ ವರ್ಷ ನಾನು ತಂಗಿಯ ಮನೆಗೆ ಹೋಗಿದ್ದಾಗ ಒಂದಿಡೀ ದಿನ ಸೌದೆ ಹಸಿಯಾಗಿ ಒಲೆ ಆರಿಹೋಗಿತ್ತಂತೆ. ಗೂಡಿಗೆ ಹೊರಗಿನಿಂದ ಬಿಸಿ ಇಟ್ಟಿಗೆ ತುಂಡು ತುರುಕಿ ಭಾಗೀರಥಿಯ ಕಣ್ಣಿಗೆ ಮಣ್ಣೆರಚಿದ್ದಳಂತೆ. ಮತ್ತೆ ಬೆಂಕಿ ಹಚ್ಚಿದಾಗ ಕೆನೆ ಎದ್ದಿತಂತೆ. ತನ್ನ ಪುಣ್ಯಕ್ಕೆ ಯಾವುದೋ ಪವಾಡವಾಯಿತು, ಲೋಕದಲ್ಲಿ ತನಗೊಬ್ಬಳಿಗೇ ಹೀಗಾಯಿತು ಎಂದುಕೊಂಡು ಬಾಯಿ ಬಿಟ್ಟಿರಲಿಲ್ಲ. ಈ ತಿಂಗಳು ಕೆನೆ ಇಳಿಯತೊಡಗಿದಾಗ, ಅವತ್ತಿನ ಪಾಪ ಈಗ ಬಂತು ಎಂದು ಹೆದರಿದಳಂತೆ. ಹೆದರಿಕೆಯಲ್ಲಿ ಬೆರಳು ಪಕ್ಕದ ಮನೆಯ ಕಡೆ ಹೋಯಿತು.

"ಅಂದ್ರೆ ಒಂದು ವರ್ಷದಿಂದ ನಾನು ಕುಡೀತಿರುವುದು…"

"ಅದೇ ಅತ್ತೆ. ಸತ್ತು ಎದ್ದದ್ದು."

ನನಗೆ ಬೈಯಬೇಕೆನಿಸಿತು. ಬೈಯಲು ಬಾಯಿ ತೆರೆದಾಗ ಬಾಯಲ್ಲಿ ಇನ್ನೂ ಆ ನೀರಿನ ಸಿಹಿ ಇತ್ತು.

ಹತ್ತನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ದಂಡೆಯಲ್ಲಿ, ದೋಣಿಯವರು ಕರಿಕಲ್ಲು ರಾಶಿ ಹಾಕುವಲ್ಲಿ ಎಲ್ಲರೂ ಸೇರಿದರು. ಹೊಸ ಕಲ್ಲು ಆಗಷ್ಟೇ ಬಂದಿತ್ತು. ತಿಂಗಳಿನಿಂದ ನಮಗೆ ಹಳೆಯ, ಸುಟ್ಟು ಹಗುರಾದ ಕಲ್ಲನ್ನೇ ಕೊಡುತ್ತಿದ್ದರು, ಎಲ್ಲರ ಕೆನೆ ಇಳಿದದ್ದು ಆ ಬಡಕಲು ಊಟದಿಂದಲೇ. ಸಾಂತಪ್ಪ ಕಲ್ಲಿನ ಮೇಲೆ ಕೂತು ಲೋಲಾಕ್ಷಿಯ ಮನೆಯ ನೀರನ್ನು ಮೂಸಿದ, ಕುಡಿದ, ಪಕ್ಕದವನಿಗೆ ಕೊಟ್ಟ. ವಾಸನೆ ಇರಲಿಲ್ಲ. ಲೋಲಾಕ್ಷಿ ಒಮ್ಮೆ ಉಸಿರು ಬಿಟ್ಟಳು. ಅವಳ ಹಿಂದೆ ಕುಸುಮ ತಾಯಿಯ ಸೆರಗು ಹಿಡಿದು ನಿಂತಿದ್ದಳು.

"ಹಾಗಾದ್ರೆ ಮತ್ತೊಂದ್ಸಲ ಕದ್ದಿದ್ದಾಳೆ!" ಎಂದಳು ಭಾಗೀರಥಿ. "ಒಂಬತ್ತು ದಿನಕ್ಕೆ ಸಾಯಬೇಕಿದ್ದದ್ದು ಸಾಯ್ಲಿಲ್ಲ ಅಂದ್ರೆ ಇನ್ನೆಂತ?"

"ಸತ್ತಿದ್ರೂ ಕಳ್ಳಿ, ಬದುಕಿದ್ರೂ ಕಳ್ಳಿ. ಹಾಗಾದ್ರೆ ಮೂಸಿದ್ದು ಯಾಕೆ?" ಎಂದಳು ಲೋಲಾಕ್ಷಿ.

ಗುಂಪಿನಲ್ಲಿ ಗದ್ದಲವೆದ್ದಿತು. ಒಡೆಯಿರಿ ಎಂದರು ಕೆಲವರು. ಸಾಂತಪ್ಪ ಕೈಯೆತ್ತಿ, "ದೂರು ಕೊಟ್ಟವರು ಯಾರು? ಅವರು ಮಾತಾಡ್ಲಿ," ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ವಾರಿಜ ಹಿಂದಿನಿಂದ ನನ್ನ ಸೀರೆ ಎಳೆಯುತ್ತಿದ್ದಳು, ಬೇಡ ಎಂದೋ ಹೇಳಿ ಎಂದೋ ಈಗಲೂ ನನಗೆ ತಿಳಿಯದು.

"ಸಾಂತಪ್ಪಣ್ಣ, ಮೊದಲು ನನ್ನದೊಂದು ಪ್ರಶ್ನೆ ಉಂಟು," ಎಂದೆ. "ಈ ತಿಂಗಳು ಯಾಕೆ ಹಳೆ ಕಲ್ಲು ಕೊಟ್ರಿ?"

"ಹಳೆ ಬಾಯಿ ಮುಚ್ಚಿಹೋಯ್ತು. ಕಡಲು ಯಾವಾಗ್ಲೂ ಒಂದೇ ಕಡೆ ಕುದೀತದಾ? ಹುಡುಕಿ ಹುಡುಕಿ ಮೊನ್ನೆ ಹೊಸ ಬಾಯಿ ಸಿಕ್ಕಿತು."

"ಎಷ್ಟು ದೂರ?"

"ಹಳೆಯದರಿಂದ ಅರ್ಧ ದಿನದ ದಾರಿ."

"ಆ ಕಲ್ಲಿಗೆ ಕೆನೆ ಹತ್ತಿತ್ತಾ?"

"ಹತ್ತದೆ? ನೋಡಿ ಇಲ್ಲಿ, ಕೆಂಪಗೆ ಮೆತ್ತಿಕೊಂಡಿದೆ." ಅವನು ಒಂದು ಕಲ್ಲನ್ನು ಎತ್ತಿ ತೋರಿಸಿದ.

"ಹಳೆ ಬಾಯಿಗೂ ಹೊಸ ಬಾಯಿಗೂ ನಡುವೆ ತಳದಲ್ಲಿ ನೀರು ಹೇಗುಂಟು ಸಾಂತಪ್ಪಣ್ಣ?"

"ತಳದಲ್ಲಾ? ಅಯ್ಯೋ, ಅದನ್ನು ಕೇಳ್ಬೇಡಿ. ಬಾಯಿಂದ ಒಂದು ಮಾರು ಆಚೆ ಹೋದ್ರೆ ಸಾಕು, ಹಗ್ಗ ಹಿಡೀಲಿಕ್ಕಾಗುವುದಿಲ್ಲ. ಬೆರಳು ಮರಗಟ್ಟಿಹೋಗ್ತದೆ. ಅಷ್ಟು ತಣ್ಣ…"

ಅವನು ಅಲ್ಲಿಗೆ ನಿಲ್ಲಿಸಿದ. ಕೈಯಲ್ಲಿದ್ದ ಕಲ್ಲನ್ನು ನೋಡಿದ.

"ಅರ್ಧ ದಿನದ ದಾರಿ," ಎಂದೆ ನಾನು. "ಅಷ್ಟು ದೂರ ಯಾರು ಒಲೆ ಹಚ್ಚಿ, ಗಡಿಗೆ ಹೊತ್ತುಕೊಂಡು ಹೋಗಿ ಅಲ್ಲಿಗೆ ಕೆನೆ ಕೊಟ್ಟು ಬಂದ್ರು?"

ಆಮೇಲೆ ಉಳಿದದ್ದನ್ನೂ ಹೇಳಿದೆ. ಆ ಮಂಗಳವಾರ ಲೋಲಾಕ್ಷಿಯ ಗೋಡೆ ತಣ್ಣಗಿತ್ತು, ನಾನು ಕೂಗಲಿಲ್ಲ. ಲೋಲಾಕ್ಷಿ ಕದ್ದದ್ದನ್ನು ನಾನು ಕಂಡಿಲ್ಲ, ಕಳ್ಳಿ ಎಂದದ್ದು ತಪ್ಪು. ನನ್ನ ಬಚ್ಚಲಲ್ಲಿ ಐದು ದಿನ ಕೆನೆ ತಣ್ಣಗಿತ್ತು, ಒಣಗಿ ಪುಡಿಯಾಗಿತ್ತು, ಮೂರು ದಿನ ಕುದಿಸಿದಾಗ ಎದ್ದಿತು, ನಾನು ಅದರ ನೀರು ಕುಡಿದೆ, ಇಗೋ ನಿಂತಿದ್ದೇನೆ. ನನ್ನ ಗಡಿಗೆ ಒಡೆಯುವುದಾದರೆ ಒಡೆಯಿರಿ. ವಾರಿಜಳ ಇಟ್ಟಿಗೆಯ ವಿಷಯ ಮಾತ್ರ ಹೇಳಲಿಲ್ಲ. ಅದು ಅವಳದು.

ಬೈಗುಳ ಬರುತ್ತದೆಂದು ಕಾದೆ. ಕಲ್ಲು ಬರಬಹುದೆಂದೂ ಕಾದೆ, ರಾಶಿ ಪಕ್ಕದಲ್ಲೇ ಇತ್ತಲ್ಲ. ಏನೂ ಬರಲಿಲ್ಲ. ಅಷ್ಟು ಜನ ನಿಂತಲ್ಲಿ ಅಲೆಯ ಸದ್ದು ಕೇಳಿಸಿತು. ಒಡೆಯಿರಿ ಎಂದವರು ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕುತ್ತಿದ್ದರು. ಭಾಗೀರಥಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ತೆಗೆದಳು, ಮತ್ತೆ ಸಿಕ್ಕಿಸಿದಳು. ಆ ಮೌನ ಏನೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಣ್ಣಗಾದ ಕೆನೆ ಎದ್ದಿತು ಎಂದು ನಾನು ಹೇಳಿದ್ದಕ್ಕೆ ಅಲ್ಲಿ ಒಬ್ಬರೂ ಆಶ್ಚರ್ಯಪಡಲಿಲ್ಲ. ಪ್ರತಿಯೊಬ್ಬರೂ ಪಕ್ಕದವರು ಆಶ್ಚರ್ಯಪಡುತ್ತಾರೋ ಎಂದು ಕಡೆಗಣ್ಣಿನಿಂದ ನೋಡುತ್ತಿದ್ದರು.

ಸಾಂತಪ್ಪನೊಬ್ಬನೇ ಬೇರೆ ಕಡೆ ನೋಡುತ್ತಿದ್ದ. ಹೊಳೆಯ ಕಡೆ. ಅವನ ಅಣ್ಣ ಅಲ್ಲಿಗೆ ಹೋದ ಎರಡನೆಯ ಬೇಸಿಗೆಯಲ್ಲೇ ಹೊಟ್ಟೆಬೇನೆಯಿಂದ ತೀರಿಕೊಂಡಿದ್ದ. ಕಲ್ಲನ್ನು ಅವನು ರಾಶಿಗೆ ಎಸೆಯಲಿಲ್ಲ, ಮೆಲ್ಲಗೆ ಇಟ್ಟ.

"ಮನೆಗೆ ಹೋಗಿ," ಎಂದ. "ಕಲ್ಲು ನಾಳೆ ಹಂಚ್ತೇವೆ."

"ನ್ಯಾಯ?" ಎಂದು ಯಾರೋ ಕೇಳಿದರು.

"ಮನೆಗೆ ಹೋಗಿ ಅಂದೆ."

ಹೋದರು. ಲೋಲಾಕ್ಷಿಯ ಗಡಿಗೆ ಒಡೆಯಲಿಲ್ಲ, ನನ್ನದೂ ಒಡೆಯಲಿಲ್ಲ. ಆದರೆ ಅವಳು ಕಳ್ಳಿಯಲ್ಲ ಎಂದು ಯಾರೂ ಹೇಳಲೂ ಇಲ್ಲ. ಮರುದಿನದಿಂದ ನನ್ನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕಳ್ಳಿಗಿಂತ ಹೆಚ್ಚು ಅನುಮಾನ ಈಗ ನನ್ನ ಮೇಲೆ, ಇವಳಿಗೆ ಇನ್ನೂ ಏನೇನು ಗೊತ್ತೋ ಎಂದು. ಮೂರನೆಯ ದಿನ ಭಾಗೀರಥಿ ಹಿಂಬಾಗಿಲಿಗೆ ಬಂದಳು, ಮೆಣಸು ಸಾಲ ಕೇಳುವವಳ ಹಾಗೆ ಒಂದು ಬಟ್ಟಲು ಹಿಡಿದುಕೊಂಡು.

"ವೇಣಕ್ಕ, ಸುಮ್ಮನೆ ಕೇಳ್ತೇನೆ. ಹಾಗೆ ಎದ್ದ ಕೆನೆಯ ನೀರು ಕುಡಿದ್ರೆ ಮಕ್ಕಳಿಗೆ ಎಂತ ಆಗುವುದಿಲ್ಲ ಅಲ್ವಾ?"

"ನಿನ್ನ ಮಕ್ಕಳಿಗೆ ಎಂತ ಆಗಿದೆ?"

"ಎಂತದೂ ಇಲ್ಲ, ಗುಂಡುಕಲ್ಲಿನ ಹಾಗಿದ್ದಾರೆ."

"ಮತ್ತೆ?"

ಅವಳು ಬಟ್ಟಲನ್ನು ಅಲ್ಲೇ ಮರೆತು ಹೋದಳು.

ಐದನೇ ಓಣಿಯಿಂದ ಸುದ್ದಿ ಬಂತು. ಗಂಡಿನ ತಾಯಿ ಅಪ್ಪಿಯಕ್ಕ ಮದುವೆ ಬೇಡವೆನ್ನಲಿಲ್ಲ. ಚಪ್ಪರ ಹಾಕಿಸಿದ್ದಳು. "ಕೆನೆ ತನ್ನಿ, ಜೊತೆಗೆ ನಿಮ್ಮ ಓಣಿಯ ಸಾಕ್ಷಿ ತನ್ನಿ. ನೋಡಿ ಒಳಗೆ ಕರೀತೇನೆ," ಎಂದಿದ್ದಳು. ನೋಡಿ ಎಂಬ ಆ ಒಂದು ಮಾತಿಗೆ ಲೋಲಾಕ್ಷಿ ಎರಡು ರಾತ್ರಿ ನಿದ್ದೆ ಮಾಡಿರಲಾರಳು. ಅಪ್ಪಿಯಕ್ಕನ ಓಣಿಯಲ್ಲಿ ಗೋಡೆಯನ್ನು ದಿನಕ್ಕೆ ಎರಡು ಸಲ ಮುಟ್ಟುತ್ತಾರೆ, ಆ ಪದ್ಧತಿ ತಂದವಳೇ ಅವಳು. ನಮ್ಮ ಕಡೆ ಕ್ರಮವೆಂದರೆ ಕೆಂಡದ ಬುಟ್ಟಿಯ ಮೇಲೆ ಕುದಿಯುವ ಗಡಿಗೆಯನ್ನು ಮದುಮಗಳು ಹಿಡಿದು ನಡೆಯಬೇಕು, ಓಣಿಯ ಹಿರಿಯ ಹೆಂಗಸೊಬ್ಬಳು ಜೊತೆಗೆ ಹೋಗಿ ದಾರಿಯಲ್ಲಿ ಕುದಿತ ನಿಲ್ಲಲಿಲ್ಲ ಎಂದು ಹೇಳಬೇಕು. ಮದುವೆಯ ದಿನ ಉಳಿದ ಹನ್ನೆರಡು ಮನೆಯಲ್ಲೂ ಸೊಂಟನೋವು, ತಲೆನೋವು. ನಾನೇ ಹೋಗಿ ಬಾಗಿಲು ತಟ್ಟಿದೆ.

"ಸಾಕ್ಷಿಗೆ ನಾನು ಬರ್ತೇನೆ ಲೋಲಾ."

"ಕಳ್ಳಿ ಅಂದ ಬಾಯಿ ಸಾಕ್ಷಿ ಹೇಳ್ತದಾ?"

"ಆ ಮಾತನ್ನು ಎಲ್ಲರ ಎದುರೇ ಹಿಂದಕ್ಕೆ ತಗೊಂಡಿದ್ದೇನಲ್ಲ."

"ತಗೊಂಡದ್ದು ನಿಮ್ಮ ಹತ್ರವೇ ಇರ್ಲಿ. ನನಗೆ ಬೇಡ." ಅವಳು ಮಗಳ ಜಡೆಗೆ ಹೂ ಮುಡಿಸಿ ಮುಗಿಸಿದಳು. "ಬೇರೆ ಯಾರೂ ಇಲ್ಲ, ಅದಕ್ಕೆ ಬನ್ನಿ. ದಾರಿಯಲ್ಲಿ ಮಾತಾಡ್ಬೇಡಿ."

ಕೆಂಡದ ಬುಟ್ಟಿ ಎಲ್ಲೂ ಕಾಣಲಿಲ್ಲ. ಕುಸುಮಳ ಕೈಯಲ್ಲಿ ಗಡಿಗೆಯೂ ಇರಲಿಲ್ಲ, ಬಿಳಿ ಬಟ್ಟೆಯ ಒಂದು ಸಣ್ಣ ಗಂಟು ಇತ್ತು. ಬಟ್ಟೆಯ ಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣ ಹತ್ತಿತ್ತು.

"ಇದೆಂತ ಮಾಡಿದ್ದಿ ಲೋಲಾ? ಗಡಿಗೆ ಎಲ್ಲಿ?"

"ಯಾಕೆ? ಸಾಯುವುದಿಲ್ಲ ಅಂತ ಊರಿನ ಎದುರು ಹೇಳಿದ್ದು ನೀವೇ ಅಲ್ವಾ? ಅದೂ ಸುಳ್ಳಾ?"

"ಸುಳ್ಳಲ್ಲ. ಆದ್ರೆ ಅಪ್ಪಿಯಕ್ಕ…"

"ಬಿಸಿ ಗಡಿಗೆ ಹೊತ್ತುಕೊಂಡು ಹೋದ್ರೆ ಅದು ಯಾರ ಮನೆಯ ಕದ್ದ ಕೆನೆ ಅಂತ ಕೇಳ್ತಾರೆ. ಇದು ಅವರ ಒಲೆ ಮೇಲೆ ಎದ್ದರೆ ನನ್ನದೂ ಹಾಗೇ ಎದ್ದದ್ದು ಅಂತ ಗೊತ್ತಾಗ್ತದೆ. ಇದನ್ನು ಯಾರೂ ನನಗೆ ಕೊಟ್ಟದ್ದಲ್ಲ, ನಾನು ಯಾರದ್ದೂ ತೆಗೆದದ್ದಲ್ಲ ಅಂತ ಹೇಳ್ಲಿಕ್ಕೆ ಬೇರೆ ದಾರಿ ಇದ್ರೆ ಹೇಳಿ."

ಮೂವರೂ ನಡೆದೆವು. ಹಗಲು ಹನ್ನೊಂದರ ಬಿಸಿಲು. ಕಿಟಕಿಗಳ ಹಿಂದೆ ಮುಖಗಳಿದ್ದವು. ಗಂಟು ನೋಡಿದವರು ಗಂಟಿನಲ್ಲಿ ಏನಿದೆಯೆಂದು ತಿಳಿದುಕೊಂಡರು, ಆದರೂ ಯಾರೂ ಕೂಗಲಿಲ್ಲ. ನಾಲ್ಕನೆಯ ಓಣಿ ದಾಟುವಾಗ ಕುಸುಮ, "ಅಮ್ಮ, ಅವರು ಬೇಡ ಅಂದ್ರೆ?" ಎಂದಳು. ಲೋಲಾಕ್ಷಿ ಮಗಳ ಬೆನ್ನಿನ ಮೇಲೆ ಕೈಯಿಟ್ಟಳು.

ಚಪ್ಪರದ ಬಾಗಿಲಲ್ಲಿ ಅಪ್ಪಿಯಕ್ಕ ನಿಂತಿದ್ದಳು. ದಪ್ಪ ಹೆಂಗಸು, ಬಾಗಿಲಿನ ತುಂಬ ಅವಳೇ. ಹಿಂದೆ ಅವಳ ಬಳಗವೆಲ್ಲ ಕತ್ತು ಉದ್ದ ಮಾಡಿಕೊಂಡಿತ್ತು.

"ಗಡಿಗೆ ಎಲ್ಲಿ?" ಎಂದಳು.

ಕುಸುಮ ಗಂಟನ್ನು ಮುಂದೆ ಹಿಡಿದಳು. ಅಪ್ಪಿಯಕ್ಕ ಅದನ್ನು ತೆಗೆದುಕೊಂಡು ಅಂಗೈಯಲ್ಲಿಟ್ಟುಕೊಂಡಳು. ಹಿಂದಿನವರಲ್ಲಿ ಗುಸುಗುಸು ಎದ್ದಿತು. ಅವಳು ಗಂಟು ಬಿಚ್ಚಲಿಲ್ಲ. ಅದನ್ನು ಒಮ್ಮೆ ಕೆನ್ನೆಗೆ ಒತ್ತಿ ನೋಡಿದಳು.

"ಸಾಕ್ಷಿ ಯಾರು?"

"ನಾನು," ಎಂದೆ.

"ಹೇಳಿ."

"ದಾರಿಯಲ್ಲಿ ಕುದೀಲಿಲ್ಲ. ತಣ್ಣಗಿದೆ. ಜೀವ ಇದೆ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಅಪ್ಪಿಯಕ್ಕ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಕುಸುಮಳ ಕೈ ಹಿಡಿದು ಹೊಸ್ತಿಲು ದಾಟಿಸಿದಳು. ದಾಟಿಸುವಾಗ ನಮ್ಮಿಬ್ಬರ ಕಡೆ ಬಾಗಿ, ಹಿಂದಿನವರಿಗೆ ಕೇಳದ ಹಾಗೆ, "ನಮ್ಮನೆಯದು ಎರಡು ಸಲ ಆರಿ ಎದ್ದದ್ದು," ಎಂದಳು.

ಆಮೇಲೆ ತಿರುಗಿ ಬಳಗದ ಕಡೆ ಗದರಿದಳು. "ಎಂತ ನೋಡ್ತಾ ನಿಂತಿದ್ದೀರಿ? ವಾಲಗದವರು ಎಲ್ಲಿ ಹೋದ್ರು, ಊದ್ಲಿಕ್ಕೆ ಹೇಳಿ!"